ಕೇಕ್ ಕೊಯ್ಯುವಾಗ ಬಂದ ಮಾತು

ವರ್ಲೀನ್ ಟ್ಯಾಕೆಟ್ ಹತ್ತೊಂಬತ್ತು ವರ್ಷ ಒಂದೇ ಬೇಕರಿಯಲ್ಲಿ ದುಡಿದವಳು. ಟೆನೆಸ್ಸಿಯ ಆ ಪುಟ್ಟ ಊರಲ್ಲಿ ಅವಳ ಸಕ್ಕರೆ ಗುಲಾಬಿಯಿಲ್ಲದೆ ಒಂದು ಮದುವೆಯೂ ಆದದ್ದಿಲ್ಲ. ಅಂಥವಳನ್ನು ಮಾಲೀಕ ಹಾಲಿಸ್ ಒಂದು ಶುಕ್ರವಾರ ಕರೆದು, "ನಾಳೆಯಿಂದ ಬರೋದು ಬೇಡ" ಎಂದುಬಿಟ್ಟ. ಸಾಲದ್ದಕ್ಕೆ ಒಂದು ಕಾಗದ ಬೇರೆ: ತಾನಾಗಿಯೇ ಕೆಲಸ ಬಿಟ್ಟೆ ಎಂದು ಬುಧವಾರದೊಳಗೆ ಸಹಿ ಹಾಕಿದರೆ, ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡುತ್ತಾನಂತೆ! ಐವತ್ತೆಂಟರಲ್ಲಿ ಹೊಸ ಕೆಲಸ ಹುಡುಕಬೇಕಾದವಳು, ಪೆನ್ನು ಕೈಗೆತ್ತಿಕೊಂಡಿದ್ದಳು.

ಈ ರಾಜ್ಯದಲ್ಲಿ ಧಣಿ ಬೇಕೆಂದಾಗ ಇಟ್ಟುಕೊಳ್ಳುತ್ತಾನೆ, ಬೇಡವಾದಾಗ ಕಳಿಸುತ್ತಾನೆ, ಕೇಳುವ ಹಾಗಿಲ್ಲ. ಊರಿನವರೆಲ್ಲರದೂ ಅದೇ ರಾಗ. ಪಕ್ಕದ ಮನೆಯ ಓಪಲ್ ಮಾತ್ರ ಒಪ್ಪಲಿಲ್ಲ.

"ಮಂಗಳವಾರ ಚರ್ಚಿನ ನೆಲಮಾಳಿಗೇಲಿ ವಕೀಲರು ಪುಕ್ಕಟೆ ಕೂತಿರ್ತಾರೆ. ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಬರಿಗೈಲಿ ಹೇಗೆ ಹೋಗ್ಲೇ?"

"ಅಯ್ಯೋ ಮಾರಾಯ್ತಿ! ಮನೆಗೆ ಬೆಂಕಿ ಬಿದ್ರೂ ಆರಿಸೋರಿಗೆ ಮೊದಲು ಕೇಕ್ ಬೇಯಿಸ್ತೀಯ ನೀನು."

ಬೇಯಿಸಿಕೊಂಡೇ ಹೋದಳು. ವಕೀಲೆ ಮರಿಬೆತ್ ಚಿಕ್ಕ ವಯಸ್ಸಿನವಳು. ಕಾಗದ ಓದಿ, ಎರಡು ಪ್ರಶ್ನೆ ಕೇಳಿ ನಿಟ್ಟುಸಿರಿಟ್ಟಳು.

"ಮಿಸ್ ವರ್ಲೀನ್, ಕಾರಣ ಹೇಳ್ದೇನೂ ತೆಗೀಬಹುದು. ಇಲ್ಲಿ ಕಾನೂನೇ ಹಾಗಿದೆ."

"ಇರ್ಲಿ ಬಿಡಮ್ಮ. ಕೇಳಿದ್ಯಲ್ಲ, ಅಷ್ಟೇ ಸಾಕು."

ಎದ್ದಳು. ಆದರೆ ಕೇಕ್ ಕೊಟ್ಟು, ಒಂದು ತುಂಡು ಬಾಯಿಗೆ ಬಿದ್ದದ್ದನ್ನು ನೋಡದೆ ಹೊರಡುವುದು ಅವಳ ಅಮ್ಮ ಕಲಿಸಿದ ಪದ್ಧತಿಯಲ್ಲ. ಮತ್ತೆ ಕೂತು ಕೊಯ್ದಳು. ಮರಿಬೆತ್ ಒಂದು ತುತ್ತು ತಿಂದು ಕಣ್ಣರಳಿಸಿದಳು.

"ಇಂಥ ಕೈ ಇರೋರನ್ನ ಬಿಡೋಕೆ ಅವನಿಗೇನು ತಲೆ ಕೆಟ್ಟಿದೆಯಾ?"

"ಪಾಪ, ಆ ವಾರ ನಂದೂ ತಪ್ಪಿತ್ತು. ಕೋರ್ಟಿಂದ ಜೂರಿಗೆ ಕರೆ ಬಂತು, ಊರಿನ ಬೇರೆಯವರ ಜೊತೆ ಕೂತು ತೀರ್ಪು ಹೇಳೋಕೆ ಮೂರು ದಿನ ಹೋದೆ. ಮದುವೆ ಕೇಕುಗಳು ಹಾಗೇ ಉಳಿದ್ವು. ವಾಪಸ್ ಬಂದಾಗ, 'ಕೋರ್ಟೇ ದೊಡ್ಡದಾದ್ರೆ ಅಲ್ಲೇ ಇರು' ಅಂತ ಎಲ್ಲರೆದುರು ಕೂಗಾಡಿದ. ಮಾರನೇ ದಿನವೇ ಈ ಕಾಗದ."

ಮರಿಬೆತ್ ತಟ್ಟೆ ಕೆಳಗಿಟ್ಟಳು. "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ಅದು ನನ್ನ ತಪ್ಪು ಅಂದ್ಕೊಂಡಿದ್ದೆ."

"ತಪ್ಪಲ್ಲ! ಕಾರಣ ಇಲ್ದೆ ತೆಗೀಬಹುದು, ಆದ್ರೆ ಕೋರ್ಟು ಕರೆದು ಜೂರಿಗೆ ಹೋದ್ರು ಅಂತ ತೆಗೆಯೋ ಹಾಗಿಲ್ಲ, ಅದೂ ಕಾನೂನೇ. ಸಹಿ ಹಾಕ್ಬೇಡಿ."

ವರ್ಲೀನ್ ಅಲ್ಲೇ ಅತ್ತುಬಿಟ್ಟಳು. ಕೆಲಸ ಹೋದದ್ದಕ್ಕಿಂತ, ತಾನು ತಪ್ಪು ಮಾಡಿದೆ ಎಂಬುದೇ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಮರಿಬೆತ್ ಬರೆದ ಒಂದು ಪತ್ರಕ್ಕೆ ಹಾಲಿಸ್ ಮೆತ್ತಗಾದ. ಎರಡು ವಾರದಲ್ಲಿ ವರ್ಲೀನ್ ತನ್ನ ಹಳೆಯ ಮೇಜಿನ ಮುಂದಿದ್ದಳು. ಓಪಲ್‌ಗೊಂದು, ಮರಿಬೆತ್‌ಗೊಂದು ಕೇಕ್ ಹೋಯಿತು; ಆದರೂ ಋಣ ತೀರಿತು ಎಂದು ಅವಳಿಗೆ ಅನ್ನಿಸಲಿಲ್ಲ.

ಈಗ ಪ್ರತಿ ಮಂಗಳವಾರ ಕೆಲಸ ಮುಗಿಸಿ ಆ ನೆಲಮಾಳಿಗೆಗೆ ಹೋಗುತ್ತಾಳೆ. ಕಾಗದ ಹಿಡಿದು ತಲೆ ತಗ್ಗಿಸಿ ಕಾಯುತ್ತಿರುವವರ ಪಕ್ಕ ಕೂತು ಕೇಕ್ ಕೊಯ್ಯುತ್ತಾಳೆ.

"ತಿನ್ನಪ್ಪ. ಒಳಗೆ ಹೋಗೋಕೆ ಮುಂಚೆ ನಂಗೊಂದ್ಸಲ ಎಲ್ಲಾ ಹೇಳು. ನಿನ್ನ ತಪ್ಪು ಅಂತ ಬಚ್ಚಿಟ್ಕೊಂಡಿದ್ದೀಯಲ್ಲ, ಅದನ್ನ ಮೊದಲು ಹೇಳು."