ಎರಡನೆಯ ಸಲ ಹೇಳಿದ ಮಾತು

ನಾನು ಚಿಕ್ಕವಳಿದ್ದಾಗ, ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಬಳ್ಳಾರಿಯ ಬಯಲಿಗೆ ವಿಮಾನವೊಂದು ಇಳಿಯಿತೆಂದರೆ ಬ್ರೂಸ್‌ಪೇಟೆಯ ಅಂಗಡಿಯವರು ತಕ್ಕಡಿ ಕೆಳಗಿಟ್ಟು ಆಕಾಶ ನೋಡುತ್ತಿದ್ದರು. ಒಂದು ದಿನ ಇಳಿದ ವಿಮಾನದಲ್ಲಿ ನಮ್ಮ ಅಣ್ಣನಿದ್ದ. ಅವನು ಎರಡನೆಯ ಪೈಲಟ್. ವಿಮಾನವನ್ನು ಬಾಡಿಗೆಗೆ ಹಿಡಿದವರು ಊರಿನಲ್ಲಿ ಕೆಲಸ ಮುಗಿಸುವಷ್ಟರಲ್ಲಿ ಉಂಡು ಹೋಗಲೆಂದು ಮನೆಗೆ ಬಂದಿದ್ದ.

ಅಕ್ಕ ಬಿಸಿ ರೊಟ್ಟಿ ಬಡಿಸಿದಳು. ಶೇಂಗಾ ಚಟ್ನಿಯ ಘಮದ ನಡುವೆಯೂ ಅಣ್ಣನ ಬಿಳಿ ಅಂಗಿಯ ತೋಳಿನಿಂದ ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು. ಅವನು ಮುರಿದ ರೊಟ್ಟಿಯನ್ನು ಬಾಯಿಗಿಡಲಿಲ್ಲ. ಬಲಗಡೆಯ ಎಂಜಿನಿನಿಂದ ಎಣ್ಣೆ ಸೋರುತ್ತಿದೆಯೆಂದು ಹೇಳಿದರೂ ಕ್ಯಾಪ್ಟನ್ ಕಿವಿಗೆ ಹಾಕಿಕೊಳ್ಳಲಿಲ್ಲವೆಂದ.

“ಇನ್ನೊಮ್ಮೆ ಹೇಳಬೇಕಿಲ್ಲೇನಲೇ?” ಎಂದರು ಅಪ್ಪ.

“ಎರಡನೇ ಸಲ ಹೇಳೋ ಪದ್ಧತಿ ನಮ್ಮಲ್ಲಿಲ್ಲಪ್ಪ. ಎದುರು ಮಾತಾಡಿದ್ರ ನೌಕರಿ ಹೋಗತೈತಿ.”

“ಮತ್ತ ನೀ ಯಾಕ ಹೋಗ್ತಿ?” ಅಕ್ಕ ಛೇಡಿಸಿದಳು. “ಅವರ ಟೊಪ್ಪಿಗಿ ಹಿಡಕೊಂಡು ಕೂಡಾಕೇನು?”

ಅಪ್ಪ ನಗಲಿಲ್ಲ. ಅವರು ಸಿರುಗುಪ್ಪದ ಬಸ್ಸಿನ ಡ್ರೈವರ್. ಮಳೆಗಾಲದಲ್ಲಿ ದಾರಿಯ ಹಳ್ಳ ತುಂಬಿದರೆ ಡ್ರೈವರ್, ಕಂಡಕ್ಟರ್, ಕ್ಲೀನರ್ ಮೂವರೂ ಇಳಿದು ನೀರು ನೋಡುವುದು, ಒಬ್ಬರೇ ದಾಟುವುದು ಬೇಡವೆಂದರೂ ಬಸ್ಸು ನಿಲ್ಲಿಸುವುದು ಅವರ ರೂಢಿ.

“ಕ್ಲೀನರ್ ಸಣ್ಣಾವ ಅಂತ ಹಳ್ಳ ಅವನ್ನ ಬಿಟ್ಟು ನನ್ನನ್ನಷ್ಟ ಒಯ್ತೈತೇನು?” ಎಂದರು. “ಮುಳುಗಿದ್ರ ಎಲ್ಲಾರೂ ಮುಳುಗ್ತೀವಿ. ಹೋಗಿ ಹೇಳು.”

ಜಟಕಾ ಹತ್ತಿ ನಾವೂ ಅಣ್ಣನೊಡನೆ ಬಯಲಿಗೆ ಹೋದೆವು. ಪ್ರಯಾಣಿಕರು ಆಗಲೇ ಒಳಗೆ ಕುಳಿತಿದ್ದರು. ಮೆಟ್ಟಿಲ ಬಳಿ ನಿಂತಿದ್ದ ಕ್ಯಾಪ್ಟನ್‌ಗೆ ಅಣ್ಣ ಎರಡನೆಯ ಸಲ ಹೇಳಿದ. ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಗದರಿದರು. ಅವರ ಮಾತು ನನಗೆ ತಿಳಿಯಲಿಲ್ಲ. ಆದರೂ ಅಣ್ಣ ಮೆಟ್ಟಿಲು ಹತ್ತಲಿಲ್ಲ. ಇಬ್ಬರು ಪೈಲಟ್‌ಗಳಿಲ್ಲದೆ ಹಾರುವಂತಿರಲಿಲ್ಲವಾದ್ದರಿಂದ ಪ್ರಯಾಣಿಕರು ಗೊಣಗುತ್ತ ಬಿಸಿಲಿಗೆ ಇಳಿದರು.

ಮರುದಿನ ಮದರಾಸಿನಿಂದ ಬಂದ ಮೆಕ್ಯಾನಿಕ್ ಎಂಜಿನ್ ಬಿಚ್ಚಿದಾಗ ಎಣ್ಣೆಯ ಕೊಳವೆ ಸೀಳಿಹೋಗಿದ್ದು ಕಂಡಿತು. ಹಾರಿದ್ದರೆ ಎಂಜಿನ್ ಹೊತ್ತಿಕೊಳ್ಳುತ್ತಿತ್ತೆಂದು ಆತ ಎಲ್ಲರೆದುರು ಹೇಳಿದ. ಆದರೂ ಕ್ಯಾಪ್ಟನ್ ನೌಕರಿಯಲ್ಲಿ ಉಳಿದರು. ಮಾತು ಮೀರಿದನೆಂದು ವಿಮಾನ ಕಂಪನಿಯವರು ಅಣ್ಣನನ್ನು ಕೆಲಸದಿಂದ ತೆಗೆದರು. ಅಷ್ಟು ಜನರ ಜೀವ ಉಳಿಸಿದ್ದು ಯಾವ ನ್ಯಾಯದಲ್ಲಿ ಅಪರಾಧವಾಯಿತು? ಅಂದು ಯಾರೂ ಕಂಪನಿಯನ್ನು ಕೇಳಲಿಲ್ಲ. ನಾನು ಇಂದಿಗೂ ಕೇಳುತ್ತಿದ್ದೇನೆ.

ಮಕ್ಕಳೇ, ನೀವು ಹತ್ತುವ ವಿಮಾನಗಳಲ್ಲಿ ಅನುಮಾನ ಬಂದರೆ ಕಿರಿಯರು ಹೇಳಲೇಬೇಕೆಂದು ಕಲಿಸುತ್ತಾರೆ. ಕೇಳಿಸಿಕೊಳ್ಳುವುದನ್ನು ಕ್ಯಾಪ್ಟನ್‌ಗೂ ಕಲಿಸುತ್ತಾರೆ. ನಿಮಗದು ಸಹಜವೆನಿಸಬಹುದು. ಹಿರಿಯರು ಇದನ್ನು ಕಲಿಯುವ ಮೊದಲು ಎಷ್ಟು ವಿಮಾನಗಳಲ್ಲಿ ಎಷ್ಟು ಕಿರಿಯರು ಬಾಯಿ ಮುಚ್ಚಿ ಕುಳಿತೇ ನೆಲಕ್ಕೆ ಬಿದ್ದರೋ ಯಾರಿಗೂ ಗೊತ್ತಿಲ್ಲ. ನಮ್ಮ ಅಣ್ಣ ಜೀವಂತ ಮನೆಗೆ ಬಂದ. ಆಕಾಶಕ್ಕೆ ಮಾತ್ರ ಮತ್ತೆಂದೂ ಹೋಗಲಿಲ್ಲ.