ಗೋಡೆಯಾಚೆಯ ಬಟನ್ ಡಬ್ಬಿ

ಮೊನ್ನೆ ಒಂದು ತಂತಿಗೆ ಬೆಸುಗೆ ಹಾಕುತ್ತಿದ್ದೆ. ರಾಳದ ಹೊಗೆ ಮೂಗಿಗೆ ಬಡಿದೊಡನೆ ಬೈಲಹೊಂಗಲದ ನಮ್ಮ ಓಣಿಯ ರೇಡಿಯೋ ರಿಪೇರಿ ಅಂಗಡಿ ನೆನಪಾಯಿತು. ಅಲ್ಲಿ ಬೆನ್ನು ಬಾಗಿಸಿ ಕೂತಿರುತ್ತಿದ್ದ ಕಾಕಾ…

ರಕ್ತಸಂಬಂಧವೇನಿಲ್ಲ, ಪಕ್ಕದ ಮನೆಯವರು. ಅಂಗಡಿಯ ಹಿಂದಿನ ಖೋಲಿಯಲ್ಲೇ ಅವರ ಸಂಸಾರ. ಲಕ್ವಾ ಹೊಡೆದು ಅವರ ಹೆಂಡತಿ ಕಾಕುವಿನ ಮಾತು ನಿಂತುಹೋದಾಗ ಕಾಕಾ ಒಂದು ಬಟನ್ ಡಬ್ಬಿ ಮಾಡಿಕೊಟ್ಟರು. ಒಂದೊಂದು ಬಟನ್ನಿಗೆ ಒಂದೊಂದು ಮಾತು. ಕಾಕು ಮಂಚದಿಂದ ಒತ್ತಿದರೆ, ಗೋಡೆಯ ತೂತಿನಿಂದ ಬಂದ ತಂತಿಯಲ್ಲಿ ಆ ಮಾತು ಹಾದು ಅಂಗಡಿಯ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುತ್ತಿತ್ತು. ಓದಿದ ಗುರುತಿಗೆ ಕಾಕಾ ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆಗೆ ಒಮ್ಮೆ ತಟ್ಟುತ್ತಿದ್ದರು.

ಆ ಕಂಪ್ಯೂಟರ್ ಕೆಟ್ಟಿತು. ಹೊಸದಕ್ಕೆ ಡಬ್ಬಿಯ ತಂತಿ ಸಿಕ್ಕಿಸುವ ಹಳೆಯ ಸೀರಿಯಲ್ ಪೋರ್ಟ್ ಇರಲಿಲ್ಲ, ಬರೀ ಯುಎಸ್‌ಬಿ. ನಾನಾಗ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದೆ. ಯುಎಸ್‌ಬಿ ಇರುವ ಚಿಪ್ ತರಿಸಿ ಡಬ್ಬಿಗೆ ಹಾಕಿ, ಅದರೊಳಗಿನ ಪ್ರೋಗ್ರಾಂ ನಾನೇ ಬರೆದೆ. ಡಬ್ಬಿ ಯುಎಸ್‌ಬಿಗೆ ಸೇರಿಕೊಂಡರೂ ಕಂಪ್ಯೂಟರಿಗೆ ತಾನು ಹಳೆಯ ಸೀರಿಯಲ್ ಪೋರ್ಟೇ ಎಂದು ಹೇಳಿಕೊಳ್ಳಬೇಕಿತ್ತು. ಹೇಳಿಕೊಂಡಿತು. ‘ನೀರು’ ಬಂತು, ‘ಚಹಾ’ ಬಂತು. ಕಾಕು ಎಲ್ಲಕ್ಕಿಂತ ಹೆಚ್ಚು ಒತ್ತುತ್ತಿದ್ದ ಮಾತೊಂದೇ ಬರಲಿಲ್ಲ: ‘ಕೆಲಸಾ ಇರಲಿ, ಒಳಗ ಬರ್ರಿ, ಸ್ವಲ್ಪ ಹೊತ್ತು ನನ್ನ ಹತ್ರ ಕುಂದರ್ರಿ.’

ಎಷ್ಟೋ ಹೊತ್ತಾದ ಮೇಲೆ ನೀರು ಕೇಳಿದಾಗ ಅದರ ಜೊತೆ ಆ ಮಾತೂ ತೆರೆಯ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಕಾಕು ಗೋಡೆಯತ್ತ ಕಿವಿಗೊಟ್ಟು ಸಾಕಾಗಿ ಮಗ್ಗಲು ಬದಲಿಸಿರುತ್ತಿದ್ದರು.

“ಈಕಿ ಸಿಟ್ಟಾಗ್ಯಾಳ ತಂಗಿ,” ಎಂದರು ಕಾಕಾ. “ನಾ ಬೇಕಂತ ಬರವಲ್ಲೆ ಅಂತ ತಿಳದಾಳ. ಮಾತ ಇಲ್ಲದನೂ ಬೈಯೂದು ಬಿಟ್ಟಿಲ್ಲ ನೋಡು.” ನಗುತ್ತಲೇ ಹೇಳಿದರು. ಕೈ ಮಾತ್ರ ಸ್ಕ್ರೂಡ್ರೈವರನ್ನು ಸುಮ್ಮನೆ ತಿರುಗಿಸುತ್ತಿತ್ತು.

ಹಲವು ದಿನ ತಡಕಾಡಿದ ಮೇಲೆ ಕಾರಣ ಸಿಕ್ಕಿತು. ಡಬ್ಬಿ ಒಂದು ಸಲಕ್ಕೆ ಹೆಚ್ಚೆಂದರೆ ಅರವತ್ನಾಲ್ಕು ಅಕ್ಷರದ ಒಂದು ಕಟ್ಟು ಕಳಿಸುತ್ತದೆ. ಕಟ್ಟು ತುಂಬಿರದಿದ್ದರೆ ಮಾತು ಮುಗಿಯಿತೆಂದು ಕಂಪ್ಯೂಟರಿಗೆ ತಿಳಿಯುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಆ ಮಾತು ಸರಿಯಾಗಿ ಒಂದು ಕಟ್ಟು ತುಂಬುತ್ತಿತ್ತು. ಹೀಗಾಗಿ ಕಂಪ್ಯೂಟರ್ ಇನ್ನೂ ಬರುವುದಿದೆಯೆಂದು ಕಾಯುತ್ತಿತ್ತು. ಅದರ ಹಿಂದೆಯೇ ಏನೂ ಇಲ್ಲದ ಒಂದು ಖಾಲಿ ಕಟ್ಟು ಕಳಿಸಬೇಕಿತ್ತು, ಅಷ್ಟೇ.

“ಅಂದ್ರ ಬಸ್ ತುಂಬಿದ್ರೂ ಕಂಡಕ್ಟರ್ ‘ರೈಟ್’ ಅನ್ನಬೇಕ ಅನ್ನು,” ಎಂದರು ಕಾಕಾ. “ಇಲ್ಲಾಂದ್ರ ಸವದತ್ತಿ ಗಾಡಿ ಸ್ಟ್ಯಾಂಡ್ ಬಿಡಂಗಿಲ್ಲ.”

ತಿದ್ದಿದೆ. ಒಳಗೆ ಹೋಗಿ ಬಟನ್ ಒತ್ತಲು ಕಾಕುವಿಗೆ ಹೇಳಿ ಬಂದೆ. ಮಾತು ಆ ಕ್ಷಣವೇ ಮೂಡಿತು. ಕಾಕಾ ಗೋಡೆಗೆ ತಟ್ಟಲಿಲ್ಲ. ಬೆಸುಗೆ ಕಡ್ಡಿಯ ಸ್ವಿಚ್ ಆರಿಸಿ ಒಳಗೆ ಎದ್ದುಹೋದರು.

“ಬಂದೆ ನೋಡ. ಸರಿ ಅತ್ತಾಗ, ಜಾಗಾ ಬಿಡು,” ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಗೋಡೆಗೆ ಒಂದು ಮೆಲು ತಟ್ಟು. ಅದು ಕಾಕುವಿನ ಕೈ. ಮಾತು ತಲುಪಿತೆಂದು ನನಗೆ ಹೇಳಿದ್ದು.

ಮೊದಲು ಕಾಕು ಹೋದರು. ಕಾಕಾ ಡಬ್ಬಿಯ ತಂತಿ ಕೀಳಲಿಲ್ಲ. ಈಗ ಅವರೂ ಇಲ್ಲ. ಅಂಗಡಿ ಖಾಲಿ ಮಾಡುವಾಗ ಡಬ್ಬಿಯನ್ನು ನಾನು ಕೇಳಿ ತಂದೆ.

ನಿನ್ನೆ ಅದನ್ನು ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಎಲ್ಲಕ್ಕಿಂತ ಸವೆದ ಬಟನ್ ಒತ್ತಿದೆ. ಮಾತು ಪೂರ್ತಿ ಬಂತು, ತಡವಿಲ್ಲದೆ. ಓದಿ ಗೋಡೆ ತಟ್ಟುವವರು ಯಾರೂ ಇರಲಿಲ್ಲ. ಕೈಲಿದ್ದ ಕೆಲಸ ಬದಿಗಿಟ್ಟು, ಸ್ವಲ್ಪ ಹೊತ್ತು ಅದರ ಹತ್ತಿರ ಕುಳಿತೆ.