ಅಪ್ಪನ ನಗುವ ಶಾಟ್

ಇಂಥದ್ದನ್ನೆಲ್ಲ ನಂಬುವವರನ್ನು ಕಂಡರೆ ನಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಮ್ಮದು ಬುದ್ಧನ ಪಟವಿರುವ ಮನೆ. ಅಪ್ಪ ಕಳ್ಳಂಬೆಳ್ಳದ ಕಡೆ ವಿಜ್ಞಾನದ ಮೇಷ್ಟ್ರಾಗಿದ್ದವರು. ದೆವ್ವವೆಂದರೆ ನಮ್ಮಲ್ಲಿ ಪರೀಕ್ಷೆಗೆ ಬಾರದ ಪಾಠ.

ಆ ಸಿನಿಮಾವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹುಣಸೆತೋಪಿನ ಕಾವಲುಗಾರ ಸತ್ತ ಮೇಲೂ ತೋಪು ಬಿಡದೆ, ಒಳಗೆ ಬಂದವರನ್ನು ಒಬ್ಬೊಬ್ಬರಾಗಿ ಕುಡುಗೋಲಿನಿಂದ ಕೊಚ್ಚುವ ಕತೆ. ಥಿಯೇಟರಿನಲ್ಲಿ ಮೂರು ದಿನವೂ ನಿಲ್ಲಲಿಲ್ಲ. ಆಮೇಲೆ ಹುಡುಗರ ಮೊಬೈಲಿನಲ್ಲಿ ಅದಕ್ಕೆ ಜೀವ ಬಂತು. ಈಗ ಕಾಲೇಜುಗಳಲ್ಲಿ ಅದರ ಡೈಲಾಗು ಬಾಯಿಪಾಠ. ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ ಅದರ ಶೂಟಿಂಗ್ ನಡೆದಾಗ ನಾನು ಅಸಿಸ್ಟೆಂಟ್ ಡೈರೆಕ್ಟರ್. ಯಾವ ಶಾಟ್ ತೆಗೆದಾಯಿತು, ಯಾವುದು ಉಳಿಯಿತು ಎಂದು ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ.

ಸಿನಿಮಾದವರಲ್ಲಿ ಒಂದು ಪದ್ಧತಿ ಇದೆ. ಹೆಣವಾಗಿ ಮಲಗಿದವರು ಶಾಟ್ ಮುಗಿದ ಕೂಡಲೇ ಎದ್ದು ಕ್ಯಾಮೆರಾ ನೋಡಿ ನಗಬೇಕು. ಆ ನಗುವನ್ನೂ ತೆಗೆಯಬೇಕು. ಇಲ್ಲದಿದ್ದರೆ ಸಾವು ಅಂಟಿಕೊಳ್ಳುತ್ತದಂತೆ. ನಮ್ಮ ಚಿತ್ರದಲ್ಲಿ ಹೆಣಗಳಿಗೆ ಬರವಿರಲಿಲ್ಲ, ಹಾಗಾಗಿ ನಗುವಿಗೂ ಬರವಿರಲಿಲ್ಲ.

ಒಂದು ದಿನ ಸಾಯಬೇಕಿದ್ದ ನಟ ಬರಲಿಲ್ಲ. ನನಗೆ ಊಟ ತಂದಿದ್ದ ಅಪ್ಪನನ್ನು ಕಂಡ ಡೈರೆಕ್ಟರ್, "ಮೇಷ್ಟ್ರೇ, ಇವತ್ತು ನೀವೇ ಒಸಿ ಸತ್ಬುಡಿ," ಎಂದರು. ಅಪ್ಪ ಖುಷಿಯಿಂದ ಸತ್ತರು. ಬೆಲ್ಲದ ಪಾಕಕ್ಕೆ ಬಣ್ಣ ಬೆರೆಸಿ ಮಾಡಿದ ರಕ್ತಕ್ಕೆ ಇರುವೆ ಮುತ್ತಿದರೂ ಅಲುಗಾಡಲಿಲ್ಲ. ಕಟ್ ಎನ್ನುವಾಗ ಸೂರ್ಯ ಬೆಟ್ಟದ ಹಿಂದೆ ಸರಿದಿದ್ದ. ಕ್ಯಾಮೆರಾಮನ್, ಶಿರಾದ ಸಲೀಂ ಭಾಯಿ, ಲೆನ್ಸ್ ಬಿಚ್ಚತೊಡಗಿದರು. ಅಪ್ಪನ ಜೊತೆ ಬಂದಿದ್ದ ಅಮ್ಮ ಟಿಫನ್ ಕ್ಯಾರಿಯರ್ ಹಿಡಿದುಕೊಂಡೇ ನನ್ನತ್ತ ಓಡಿ ಬಂದಳು.

"ಲೇ, ನಿಮ್ಮಪ್ಪನ್ನ ನಗಿಸ್ಬುಡೇ. ಅಂಗೇ ಬುಡಬ್ಯಾಡ ಕಣೇ."

"ಲೈಟ್ ಹೋಯ್ತಮ್ಮ, ನಾಳೆ ನೋಡೋಣ," ಎಂದೆ.

"ಮನೇಲೇ ನಕ್ರಾಯ್ತು ಬುಡು," ಎಂದು ಅಪ್ಪ ಇರುವೆ ಕೊಡವಿಕೊಂಡರು. ಮರುದಿನ ಬೇರೆ ಹೆಣ, ಬೇರೆ ನಗು. ಅಪ್ಪನ ಶಾಟಿನ ಎದುರು 'ನಗು ಇಲ್ಲ' ಎಂದು ಬರೆದು ಪುಟ ತಿರುಗಿಸಿದೆ.

ಶೂಟಿಂಗ್ ಮುಗಿದು ತಿಂಗಳಾದ ಮೇಲೆ ಅಪ್ಪನ ಮುಂದಿನ ಹಲ್ಲೊಂದನ್ನು ಮಧುಗಿರಿಯಲ್ಲಿ ಕೀಳಿಸಿದೆವು. ಜೊತೆಗೆ ಹೋದವಳು ನಾನೇ. ಕಿತ್ತ ಹಲ್ಲನ್ನು ಬೆಳಕಿಗೆ ಹಿಡಿದು, "ನೋಡು, ಒಂದೇ ಬೇರು," ಎಂದು ಅಲ್ಲೂ ಪಾಠ ಮಾಡಿದರು. ಹದಿನೈದು ದಿನಕ್ಕೆ, ಬೆಳಿಗ್ಗೆ ಪೇಪರ್ ಓದುತ್ತ ಕುಳಿತವರು ಹಾಗೇ ಹೋಗಿಬಿಟ್ಟರು. ಹೃದಯ ನಿಂತಿದೆ ಎಂದರು ಡಾಕ್ಟರು. ನನಗೆ ಅಳು ಬರಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಿದೆ. ಅಮ್ಮ ನನ್ನನ್ನು ಬೈಯಲಿಲ್ಲ. ಅಕ್ಕಿ ಮುಗಿದಿದೆ, ಗ್ಯಾಸ್ ಬುಕ್ ಮಾಡು, ಇಷ್ಟೇ ಮಾತು ಉಳಿಯಿತು. ಯಾಕೆಂದು ನನಗೆ ಗೊತ್ತಿತ್ತು.

ಎಡಿಟಿಂಗ್ ಶುರುವಾದಾಗ ಒಂದು ಮಧ್ಯಾಹ್ನ ಎಡಿಟರ್ ನನ್ನನ್ನು ಕರೆದು, "ನಿಮ್ಮ ತಂದೆಯವರ ನಗು ಚೆನ್ನಾಗಿದೆ, ಸಿನಿಮಾದ ಕೊನೆಗೆ ಇಡೋಣ," ಎಂದ. ಅದನ್ನು ತೆಗೆದೇ ಇಲ್ಲವಲ್ಲ ಎಂದೆ. ತೋರಿಸಿದ. ಅಪ್ಪ ಹುಣಸೆಮರದ ಬುಡದಿಂದ ಎದ್ದು ಕೂತು, ಎದೆಯ ಮೇಲಿನ ಇರುವೆ ಕೊಡವಿ, ನೇರ ನೋಡಿ ಬಾಯ್ತುಂಬ ನಕ್ಕರು. ಮುಂದಿನ ಹಲ್ಲಿನ ಜಾಗ ಖಾಲಿ ಇತ್ತು.

ಪುಸ್ತಕ ತೆಗೆದು ನೋಡಿದೆ. ನನ್ನದೇ ಕೈಬರಹ, 'ನಗು ಇಲ್ಲ'. ಸಲೀಂ ಭಾಯಿಗೆ ಫೋನ್ ಮಾಡಿದೆ. "ಅಲ್ಲಾ ಕಸಮ್, ನಾನು ತೆಗ್ದಿಲ್ಲ ಮೇಡಂ. ಲೆನ್ಸ್ ಬಿಚ್ಚಿ ಡಬ್ಬಕ್ಕೆ ಹಾಕಿದ್ದು ನೀವೇ ನೋಡಿದ್ರಲ್ಲ," ಎಂದರು. ನೋಡಿದ್ದೆ. ಕಂಪ್ಯೂಟರಿನಲ್ಲಿ ಹಲ್ಲು ಅಳಿಸಿದ್ದೀರಾ ಎಂದು ಎಡಿಟರನ್ನು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನಗೆ ಭಯವಾಗಬೇಕಿತ್ತು, ಆಗಲಿಲ್ಲ. ಕೈ ಮೇಲೆ ತಲೆಯಿಟ್ಟು ಮಲಗಿ ಎದ್ದಾಗ ಜೋಮು ಹಿಡಿದಿರುತ್ತದಲ್ಲ, ಇಡೀ ಮೈ ಹಾಗಿತ್ತು. ಇಟ್ಟುಕೊಳ್ಳಿ ಎಂದು ಹೇಳಿ ಊರಿನ ಬಸ್ಸು ಹತ್ತಿದೆ.

ಈಗ ಆ ನಗು ಎಲ್ಲರ ಮೊಬೈಲಿನಲ್ಲೂ ಓಡಾಡುತ್ತದೆ. ಗುಡ್ ಮಾರ್ನಿಂಗ್ ಜೊತೆ ಗುರುತಿಲ್ಲದವರಿಂದಲೂ ನನ್ನ ಅಪ್ಪ ಬರುತ್ತಾರೆ. ಅಮ್ಮನಿಂದ ಮಾತ್ರ ಮುಚ್ಚಿಟ್ಟಿದ್ದೆ. ಹಲ್ಲಿಲ್ಲದ ಆ ಜಾಗ ಅವಳ ಕಣ್ಣಿಗೆ ಬಿದ್ದರೆ ಏನು ಹೇಳಲಿ? ಆ ನಗು ಎಲ್ಲಿಂದ, ಹೇಗೆ ಬಂತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹೋದ ತಿಂಗಳು ಪಕ್ಕದ ಮನೆಯವರು ಅಮ್ಮನಿಗೆ ಹೇಳಿಬಿಟ್ಟರು. ತೋರಿಸು ಎಂದು ಹಟ ಹಿಡಿದಳು. ಜಗಲಿಯ ಮೇಲೆ ಕೂತು, ಮೊಬೈಲನ್ನು ಅವಳ ಕೈಗೆ ಕೊಡದೆ ನಾನೇ ಹಿಡಿದು ತೋರಿಸಿದೆ. ಎರಡು ಸಲ ನೋಡಿದಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟಳು. ಅವಳು ನನ್ನನ್ನು ಮುಟ್ಟಿ ವರ್ಷಗಳಾಗಿದ್ದವು.

"ಅವತ್ತೇ ನಗಿಸಿದ್ದೆ ತಾನೆ, ಹೇಳಬಾರದಿತ್ತೇನೆ? ಸುಮ್‌ಸುಮ್ನೆ ಇಷ್ಟು ವರ್ಷ ನಿನ್ ಮ್ಯಾಲೆ ಸಿಟ್ಟಿಟ್ಕಂಡಿದ್ದೆ ಕಣೇ."

"ಹೂಂ," ಎಂದೆ. ಅಪ್ಪನ ಬಾಯಿಯ ಆ ಖಾಲಿ ಜಾಗದ ಮೇಲೆ ನನ್ನ ಹೆಬ್ಬೆರಳಿತ್ತು. ಅದನ್ನು ತೆಗೆಯಲಿಲ್ಲ.